ವೃದ್ಧಾಶ್ರಮದಲ್ಲಿರುವ ಹಿರಿಯರ ಪರ ನಿಲ್ಲುವುದು ಹೇಗೆ: ಕಾಸರಗೋಡಿನ ಕನ್ನಡಿಗರಿಗೆ

ವೃದ್ಧಾಶ್ರಮದ ಮೇಲಿನ ದೂರು ಬಿದ್ದುಹೋಯಿತು ಎಂದರೆ ದೂರು ಸುಳ್ಳು ಎಂದು ಅರ್ಥವಲ್ಲ. ಅಂಥ ದೂರಿನಲ್ಲಿ ‘ಸರಿಯಾಗಿ ನೋಡಿಕೊಳ್ಳುವುದಿಲ್ಲ’ ಎಂಬ ಒಂದೇ ಮಾತು ಇರುತ್ತದೆ. ಯಾವ ದಿನ, ಎಷ್ಟು ಹೊತ್ತಿಗೆ, ಏನು ಕಂಡಿತು ಎಂಬುದು ಇರುವುದಿಲ್ಲ. ಇಲ್ಲವೇ ಅಧಿಕಾರವೇ ಇಲ್ಲದ ಕಚೇರಿಯ ಬಾಗಿಲು ತಟ್ಟಿರುತ್ತಾರೆ. ಈ ಎರಡನ್ನು ಸರಿಪಡಿಸಿಕೊಂಡರೆ ಮಂಜೇಶ್ವರದ ಮನೆಯಲ್ಲಿ ಕುಳಿತ ಮಗಳೂ ದುಬೈಯಲ್ಲಿರುವ ಮಗನೂ ಪರಿಣಾಮಕಾರಿಯಾಗಿ ಕೆಲಸ ಮಾಡಿಸಬಹುದು.

ಮೊದಲು ಭೇಟಿಯ ಹೊತ್ತನ್ನು ಬದಲಿಸಿ. ಭಾನುವಾರ ಹನ್ನೊಂದು ಗಂಟೆಗೆ ಹೋದರೆ ಸ್ನಾನವಾಗಿ, ತಲೆ ಬಾಚಿ, ಹೊಸ ಬೆಡ್‌ಶೀಟಿನ ಮೇಲೆ ಕೂರಿಸಿದ ಅಮ್ಮನೇ ಸಿಗುತ್ತಾರೆ. ಒಂದು ದಿನ ಮಧ್ಯಾಹ್ನದ ಊಟದ ಹೊತ್ತಿಗೆ, ಇನ್ನೊಂದು ದಿನ ಸಂಜೆ ಏಳೂವರೆಗೆ ಹೋಗಿ. ಕತ್ತಲಾದ ಮೇಲೆ ಎಷ್ಟು ಜನ ಸಿಬ್ಬಂದಿ ಇದ್ದಾರೆ, ಎಷ್ಟು ಮಂಚಗಳಿಗೆ ಒಬ್ಬರು, ಕರೆಗಂಟೆ ಒತ್ತಿದರೆ ಯಾರಾದರೂ ಬರುತ್ತಾರೆಯೇ ಎಂದು ನೋಡಿ. ಗಂಟೆಯ ವಯರು ಕೈಗೆಟುಕುವಲ್ಲಿದೆಯೇ ಗೋಡೆಗೆ ಸುತ್ತಿ ಇಟ್ಟಿದ್ದಾರೆಯೇ ಎಂಬುದೂ ಅಷ್ಟೇ ಮುಖ್ಯ.

ದೇಹವನ್ನು ನೋಡಿ

ಮಲಗಿದಲ್ಲೇ ಇರುವವರಿಗೆ ಒತ್ತಡದ ಹುಣ್ಣು ಬರುವ ಜಾಗಗಳು ಗೊತ್ತಿರಲಿ: ಬೆನ್ನ ಬುಡದ ಮೂಳೆ, ಸೊಂಟದ ಎರಡು ಪಕ್ಕ, ಹಿಮ್ಮಡಿ, ತಲೆಯ ಹಿಂಭಾಗ, ಕಿವಿಯ ಅಂಚು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಚರ್ಮ ಕ್ಷಣಕಾಲ ಬಿಳಿಚಿ ಮತ್ತೆ ಕೆಂಪಾಗಬೇಕು. ಬಿಳಿಚದೆ ಕೆಂಪಾಗಿಯೇ ಉಳಿದರೆ ಅದು ಹುಣ್ಣಿನ ಮೊದಲ ಹಂತ. ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದೇ ಇಲ್ಲ, ಅದಕ್ಕೇ ಮುಟ್ಟಿ ನೋಡಬೇಕು. ಸುತ್ತಲಿನ ಜಾಗಕ್ಕಿಂತ ಬಿಸಿಯಾಗಿ, ಗಟ್ಟಿಯಾಗಿ ಅಥವಾ ಮೆತ್ತಗೆ ಇದ್ದರೆ ಗುಮಾನಿ ಪಡಿ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ನಾಣ್ಯ ಇಡಿ, ಗಾತ್ರ ತಿಳಿಯುತ್ತದೆ. ಹಿರಿಯರ ಒಪ್ಪಿಗೆ ಕೇಳಿ, ಮಾನ ಮುಚ್ಚಿ, ಹುಣ್ಣನ್ನಷ್ಟೇ ತೆಗೆಯಿರಿ. ಆ ಫೋಟೋ ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಗಬಾರದು.

ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬದಲಿಸಿದ್ದನ್ನು ಚಾರ್ಟಿನಲ್ಲಿ ಬರೆಯಬೇಕು. ಚಾರ್ಟು ಕೇಳಿ ನೋಡಿ. ಬೆಳಗ್ಗೆಯಿಂದ ರಾತ್ರಿವರೆಗಿನ ಎಲ್ಲ ಸಾಲೂ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಇದ್ದರೆ, ಅಥವಾ ನೀವು ನಾಲ್ಕು ಗಂಟೆಗೆ ನೋಡುವಾಗಲೇ ಆರು ಗಂಟೆಯ ಸಾಲು ತುಂಬಿದ್ದರೆ, ಅದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಏರ್‌ಬೆಡ್ ಇದೆ ಎಂಬ ಉತ್ತರಕ್ಕೆ ಸಮಾಧಾನ ಪಡಬೇಡಿ. ಹಾಸಿಗೆಯ ಅಡಿಗೆ ಅಂಗೈ ಮೇಲೆ ಮಾಡಿ ತೂರಿಸಿ, ಸೊಂಟದ ನೇರಕ್ಕೆ; ಮೂಳೆ ಕೈಗೆ ತಾಗಿದರೆ ಗಾಳಿ ಸಾಲದು. ನಮ್ಮ ಮಳೆಗಾಲದಲ್ಲಿ ಕರೆಂಟು ಹೋದರೆ ಪಂಪು ನಿಂತು ಹಾಸಿಗೆ ನಿಧಾನ ಇಳಿಯುತ್ತದೆ, ಹಿರಿಯರು ಹಲಗೆಯ ಮೇಲೆ ಮಲಗಿದಂತಾಗುತ್ತದೆ. ಇನ್ವರ್ಟರಿನ ಸಾಲು ಆ ಪ್ಲಗ್ಗಿಗೆ ಇದೆಯೇ ಎಂದು ಕೇಳುವವರೇ ಇಲ್ಲ. ನೀವು ಕೇಳಿ.

ತಿಂಗಳಿಗೊಮ್ಮೆ ತೂಕ ನೋಡಿ ಬರೆಯಲು ಹೇಳಿ. ಒಂದು ತಿಂಗಳಲ್ಲಿ ನೂರಕ್ಕೆ 5, ಆರು ತಿಂಗಳಲ್ಲಿ ನೂರಕ್ಕೆ 10 ಇಳಿದರೆ ವೈದ್ಯರಿಗೆ ತೋರಿಸಲೇಬೇಕು; 50 ಕಿಲೋ ಇದ್ದವರು ತಿಂಗಳಲ್ಲಿ ಎರಡೂವರೆ ಕಿಲೋ ಕಳೆದುಕೊಂಡರೆ ಅದು ವಯಸ್ಸಿನ ಲೆಕ್ಕಕ್ಕೆ ಸೇರುವುದಿಲ್ಲ. ‘ಊಟ ಬೇಡ ಅನ್ನುತ್ತಾರೆ’ ಎಂದು ಸಿಬ್ಬಂದಿ ಹೇಳಿದರೆ ಮೊದಲು ಹಲ್ಲಿನ ಸೆಟ್ಟು ಎಲ್ಲಿ ಎಂದು ಹುಡುಕಿ. ಸೆಟ್ಟು, ಕನ್ನಡಕ, ಕಿವಿಯ ಯಂತ್ರ ಕಳೆದುಹೋಗುವುದು, ಅದಲುಬದಲಾಗುವುದು ಇಂಥ ಕಡೆ ಮಾಮೂಲು. ಮೂರರ ಮೇಲೂ ಹೆಸರು ಗುರುತು ಇರಲಿ. ಉಣಿಸುವಾಗ ಬೆನ್ನು ನೇರ ಇರಬೇಕು, ಉಂಡ ಮೇಲೂ ಅರ್ಧ ಗಂಟೆ ಹಾಗೇ ಕೂರಿಸಬೇಕು. ಮಲಗಿಸಿ ಗಂಜಿ ಸುರಿದರೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ.

ನೀರಿನ ಮಾತು ಬೇರೆಯೇ. ರಾತ್ರಿ ಡೈಪರು ಬದಲಿಸುವವರಿಲ್ಲ ಎಂದು ಹಿರಿಯರೇ ನೀರು ಕುಡಿಯುವುದನ್ನು ಬಿಡುತ್ತಾರೆ. ಕೆಲವು ಕಡೆ ಸಿಬ್ಬಂದಿಯೇ ಸಂಜೆಯ ನಂತರ ಕೊಡುವುದಿಲ್ಲ. ಮೂತ್ರ ಗಾಢ ಬಣ್ಣಕ್ಕೆ ತಿರುಗುತ್ತದೆ, ಸೋಂಕು ಆಗುತ್ತದೆ. ನಿನ್ನೆವರೆಗೆ ಸರಿಯಾಗಿ ಮಾತಾಡುತ್ತಿದ್ದವರು ಇವತ್ತು ಊರು ಹೆಸರು ಮರೆತು ಬಡಬಡಿಸಿದರೆ ಅದನ್ನು ಅರಳುಮರಳು ಎಂದು ಬಿಟ್ಟುಬಿಡಬಾರದು. ಒಂದೆರಡು ದಿನದಲ್ಲಿ ಬಂದ ಗಲಿಬಿಲಿಗೆ ಸೋಂಕು, ನಿರ್ಜಲೀಕರಣ, ಹೊಸ ಮಾತ್ರೆ ಇಂಥ ಕಾರಣ ಇರುತ್ತದೆ, ಅದಕ್ಕೆ ಚಿಕಿತ್ಸೆಯೂ ಇದೆ. ಅವತ್ತೇ ವೈದ್ಯರು ನೋಡಬೇಕು ಎಂದು ಪಟ್ಟು ಹಿಡಿಯಿರಿ.

ಮಾತ್ರೆಗಳ ಪಟ್ಟಿಯ ಫೋಟೋ ಪ್ರತಿ ತಿಂಗಳೂ ತೆಗೆದಿಟ್ಟುಕೊಳ್ಳಿ. ಹೊಸ ಹೆಸರು ಕಂಡರೆ ಯಾವ ವೈದ್ಯರು, ಯಾವಾಗ, ಯಾತಕ್ಕೆ ಬರೆದರು ಎಂದು ಕೇಳಿ, ಚೀಟಿ ತೋರಿಸಲು ಹೇಳಿ. ಚೀಟಿ ಇಲ್ಲದ ನಿದ್ದೆ ಮಾತ್ರೆ ಎಂದರೆ ಹಗಲೆಲ್ಲ ತೂಗಾಡುವುದು, ಬೀಳುವುದು, ತೊಡೆಮೂಳೆ ಮುರಿಯುವುದು. ಸೀರೆಯಿಂದ ಮಂಚಕ್ಕೆ ಕಟ್ಟುವುದನ್ನು ‘ಬೀಳದ ಹಾಗೆ’ ಎಂದು ಸಮರ್ಥಿಸುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮಾನಸಿಕ ಚಿಕಿತ್ಸಾ ಕೇಂದ್ರಗಳಲ್ಲಿ ಕೂಡ ಕಟ್ಟಿಹಾಕಲು ಮನೋವೈದ್ಯರ ಅನುಮತಿ ಬೇಕು, ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇರಬಾರದು, ದಾಖಲೆ ಇರಬೇಕು ಎನ್ನುತ್ತದೆ. ಆಸ್ಪತ್ರೆಗೇ ಇಷ್ಟು ಕಟ್ಟುಪಾಡು ಇರುವಾಗ ವೃದ್ಧಾಶ್ರಮದ ಆಯಾ ತನ್ನಿಷ್ಟಕ್ಕೆ ಕಟ್ಟುವ ಹಾಗಿಲ್ಲ.

ಭಾಷೆಯೂ ಆರೈಕೆಯ ಭಾಗ

ಕಾಸರಗೋಡಿನ ತೆಂಕು ಭಾಗದ ಆಶ್ರಮಗಳಲ್ಲಿ ಸಿಬ್ಬಂದಿ ಮಲಯಾಳದವರು. ಬದಿಯಡ್ಕದ, ಪೈವಳಿಕೆಯ ಅಜ್ಜಿಗೆ ಪೇಟೆಯ ಮಲಯಾಳ ಒಂದು ಕಾಲದಲ್ಲಿ ಬರುತ್ತಿದ್ದಿರಬಹುದು, ಮರೆವಿನ ಕಾಯಿಲೆ ಶುರುವಾದ ಮೇಲೆ ಆಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ. ಎದೆ ಸಂಕಟ ಎಂದು ಅಜ್ಜಿ ಹೇಳಿದರೆ ಮಲಯಾಳದಲ್ಲಿ ಅದು ದುಃಖ ಎಂದು ಕೇಳಿಸುತ್ತದೆ; ಸಿಬ್ಬಂದಿ ತಲೆ ಸವರಿ ಸಮಾಧಾನ ಮಾಡಿ ಹೋಗುತ್ತಾರೆ, ಇಸಿಜಿ ಆಗುವುದಿಲ್ಲ. ‘ಒಂದಕ್ಕೆ ಹೋಗಬೇಕು’ ಎಂಬುದು ಅರ್ಥವಾಗದೆ ಹಾಸಿಗೆ ಒದ್ದೆಯಾಗಿ, ಮರುದಿನದಿಂದ ಡೈಪರು ಖಾಯಂ.

ಪರಿಹಾರ ಖರ್ಚಿನದ್ದಲ್ಲ. ಹಿರಿಯರು ನಿಜವಾಗಿ ಬಳಸುವ ಹದಿನೈದು ಇಪ್ಪತ್ತು ಮಾತು ಆರಿಸಿ. ತುಳು ಆಡುವವರಾದರೆ ತುಳುವಿನಲ್ಲಿ, ಹವ್ಯಕರಾದರೆ ಆ ಮಾತಿನಲ್ಲೇ. ನೋವು, ಉರಿ, ಸಂಕಟ, ಬಾಯಾರಿಕೆ, ಚಳಿ, ಹೆದರಿಕೆ, ಒಂದಕ್ಕೆ, ಎರಡಕ್ಕೆ. ಉಚ್ಚಾರವನ್ನು ಮಲಯಾಳ ಲಿಪಿಯಲ್ಲಿ, ಪಕ್ಕದಲ್ಲಿ ಮಲಯಾಳ ಅರ್ಥ, ದೊಡ್ಡ ಅಕ್ಷರ. ಲ್ಯಾಮಿನೇಟ್ ಮಾಡಿಸಿ ಮಂಚದ ತಲೆಗೆ ಕಟ್ಟಿ, ಇನ್ನೊಂದು ಪ್ರತಿ ಕೇಸ್ ಫೈಲಿನಲ್ಲಿ ಇರಲಿ. ಆಸ್ಪತ್ರೆಗೆ ಸಾಗಿಸುವಾಗ ಅದೂ ಜೊತೆ ಹೋಗಬೇಕು.

ಕಾಗದಪತ್ರ

ಕೇರಳದಲ್ಲಿ ವೃದ್ಧಾಶ್ರಮಗಳಿಗೆ ಮಾನ್ಯತೆ ಕೊಡುವುದು ಆರ್ಫನೇಜ್ ಕಂಟ್ರೋಲ್ ಬೋರ್ಡ್. ಮಾನ್ಯತಾ ಪತ್ರದ ನಂಬರು, ಮುಗಿಯುವ ದಿನಾಂಕ ಬರೆದುಕೊಳ್ಳಿ. ದುಡ್ಡು ಕಟ್ಟುವ ಆಶ್ರಮವಾದರೆ ಕರಾರು ಪತ್ರ ಕೈಯಲ್ಲಿರಲಿ: ತಿಂಗಳ ಶುಲ್ಕದಲ್ಲಿ ಏನೇನು ಸೇರಿದೆ, ಡೈಪರು ಮತ್ತು ಔಷಧಿ ಯಾರ ಖರ್ಚು, ಠೇವಣಿ ಯಾವಾಗ ವಾಪಸು, ಬಿಟ್ಟುಹೋಗಲು ಎಷ್ಟು ದಿನ ಮೊದಲೇ ಹೇಳಬೇಕು. ರಶೀದಿ ಇಲ್ಲದೆ ನಗದು ಕೊಡಬೇಡಿ. ಪಾಸ್‌ಬುಕ್, ಎಟಿಎಂ ಕಾರ್ಡು, ಆಧಾರಿನ ಮೂಲಪ್ರತಿ ಮ್ಯಾನೇಜರರ ಕಪಾಟಿನಲ್ಲಿ ಇರಬಾರದು. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡದ್ದು ತಿಳಿದರೆ ಅವತ್ತೇ ಬರವಣಿಗೆಯಲ್ಲಿ ಆಕ್ಷೇಪ ಕೊಡಿ.

ದೂರು ಬರೆಯುವುದು

ಮೊದಲ ಪತ್ರ ಆಶ್ರಮದ ಮ್ಯಾನೇಜರರಿಗೇ. ಬೈಗುಳ ಬೇಡ, ಬೇಡಿಕೆ ಇರಲಿ. ಹೀಗೆ:

‘ದಿನಾಂಕ ಇಂಥದ್ದು, ಸಂಜೆ 7.40. ಅಮ್ಮನ ಬೆನ್ನ ಬುಡದಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಚರ್ಮ ಸುಲಿದ ಗಾಯ ಕಂಡೆ. ಮಗ್ಗುಲು ಬದಲಿಸುವ ಚಾರ್ಟಿನಲ್ಲಿ ಮಧ್ಯಾಹ್ನ 12ರ ನಂತರ ಯಾವ ನಮೂದೂ ಇಲ್ಲ. ಕರ್ತವ್ಯದಲ್ಲಿದ್ದ ನರ್ಸ್‌ಗೆ ತೋರಿಸಿದ್ದೇನೆ. 24 ಗಂಟೆಯೊಳಗೆ ವೈದ್ಯರಿಂದ ಪರೀಕ್ಷೆ ಮಾಡಿಸಿ, ಗಾಯದ ಅಳತೆ ದಾಖಲಿಸಿ, ನನಗೆ ಲಿಖಿತವಾಗಿ ತಿಳಿಸಬೇಕು.’

ಕಂಡದ್ದು ಬೇರೆ, ಕೇಳಿದ್ದು ಬೇರೆ ಇರಲಿ. ‘ಪಕ್ಕದ ಮಂಚದವರು ಹೇಳಿದರು’ ಎಂಬುದನ್ನು ಹಾಗೆಂದೇ ಬರೆಯಿರಿ, ಅವರ ಹೆಸರು ಮಾತ್ರ ಬೇಡ. ನೀವು ಮನೆಗೆ ಬರುತ್ತೀರಿ, ಅವರು ಅಲ್ಲೇ ಇರಬೇಕಾದವರು. ಎರಡನೇ ಪ್ರತಿಗೆ ಸೀಲು ಹಾಕಿಸಿಕೊಳ್ಳಿ, ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಶೀದಿ ಇಟ್ಟುಕೊಳ್ಳಿ. ದೂರು ಕೊಟ್ಟರೆ ಅಮ್ಮನಿಗೇ ಕಷ್ಟ ಕೊಡುತ್ತಾರೆ ಎಂಬ ಭಯ ಸಹಜ, ನಿರಾಧಾರವೂ ಅಲ್ಲ. ಅದಕ್ಕೇ ಪತ್ರ ಕೊಟ್ಟ ನಂತರದ ಎರಡು ವಾರ ಭೇಟಿ ಹೆಚ್ಚಿಸಿ, ಸಾಧ್ಯವಾದರೆ ಮೂರು ನಾಲ್ಕು ಕುಟುಂಬ ಸೇರಿ ಒಂದೇ ಪತ್ರಕ್ಕೆ ಸಹಿ ಮಾಡಿ. ಒಬ್ಬರನ್ನು ಗುರಿ ಮಾಡುವುದು ಆಗ ಕಷ್ಟ.

ಯಾವ ಬಾಗಿಲು

ಉತ್ತರ ಬರದಿದ್ದರೆ ಮುಂದಿನದ್ದು ವಿದ್ಯಾನಗರದ ಸಿವಿಲ್ ಸ್ಟೇಷನ್ನಿನಲ್ಲಿರುವ ಜಿಲ್ಲಾ ಸಾಮಾಜಿಕ ನ್ಯಾಯ ಅಧಿಕಾರಿ; ಪ್ರತಿಯನ್ನು ಜಿಲ್ಲಾಧಿಕಾರಿಗೂ ಕೊಡಿ. ಸ್ಥಳ ಪರಿಶೀಲನೆ ಮಾಡಿ ವರದಿ ಕೊಡಿ ಎಂದು ಸ್ಪಷ್ಟವಾಗಿ ಕೇಳಿ. ಪತ್ರ ಕನ್ನಡದಲ್ಲೇ ಇರಲಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಂತೆ ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟರಿಯೇಟ್, ಇಲಾಖಾ ಮುಖ್ಯಸ್ಥರು ಮತ್ತು ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯದ್ದು. ಈ ಎರಡನ್ನು ಪತ್ರದ ಕೊನೆಯಲ್ಲಿ ಒಂದು ಸಾಲಿನಲ್ಲಿ ನಮೂದಿಸಿ. ‘ಮಲಯಾಳದಲ್ಲಿ ಬರೆದು ತನ್ನಿ’ ಎಂದು ಹಿಂದೆ ಕಳಿಸುವುದು ನಿಲ್ಲುತ್ತದೆ. ಆದರೆ ತುರ್ತು ಇದ್ದರೆ ಮಲಯಾಳ ಅನುವಾದವನ್ನೂ ಲಗತ್ತಿಸಿ. ಹಕ್ಕು ಸಾಧಿಸುವ ಭರದಲ್ಲಿ ಅಮ್ಮನ ಗಾಯಕ್ಕೆ ತಡ ಆಗಬಾರದು.

ಹೊಡೆದದ್ದು, ಕೂಡಿಹಾಕಿದ್ದು ಇದ್ದರೆ ನೇರ ಪೊಲೀಸ್ ಠಾಣೆ. ಅಂಗವೈಕಲ್ಯ ಇರುವ ಹಿರಿಯರ ಮೇಲಿನ ದೌರ್ಜನ್ಯವನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 7ನೇ ಕಲಮಿನಂತೆ ಯಾರು ಬೇಕಾದರೂ ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು, ಬಂಧುವೇ ಆಗಿರಬೇಕಿಲ್ಲ. ದಾರಿ ತೋಚದಿದ್ದರೆ ಹಿರಿಯರ ಸಹಾಯವಾಣಿ 14567, ಉಚಿತ ಕಾನೂನು ನೆರವಿಗೆ 15100. ಮಹಿಳೆಯರಿಗೂ ಅಂಗವಿಕಲರಿಗೂ ಆದಾಯದ ಮಿತಿ ನೋಡದೆ ವಕೀಲರನ್ನು ಕೊಡುತ್ತಾರೆ. 2025ರ ಕಾಯ್ದೆಯಂತೆ ಕೇರಳದಲ್ಲಿ ಹಿರಿಯರಿಗಾಗಿಯೇ ಒಂದು ಆಯೋಗವೂ ಇದೆ.

ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಬಳಿಯ ಟ್ರಿಬ್ಯುನಲ್‌ಗೆ ಆಶ್ರಮದ ಮೇಲಿನ ದೂರು ಒಯ್ಯುವುದು ತಿರುತಿರುಗಿ ಕಾಣುವ ತಪ್ಪು. ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಯ 2007ರ ಕಾಯ್ದೆಯ ಆ ಟ್ರಿಬ್ಯುನಲ್ ಇರುವುದು ಮಕ್ಕಳಿಂದ ಜೀವನಾಂಶ ಕೊಡಿಸಲು, ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ವಾಪಸು ಕೊಡಿಸಲು. ಅಣ್ಣ ಜಾಗ ಬರೆಸಿಕೊಂಡು ಅಪ್ಪನ ಶುಲ್ಕ ಕಟ್ಟುವುದನ್ನು ನಿಲ್ಲಿಸಿದ್ದರೆ ಅಲ್ಲಿಗೆ ಹೋಗಿ. ಅಪ್ಪನಿಗೆ ಆಗದಿದ್ದರೆ ಅವರು ಅಧಿಕಾರ ಕೊಟ್ಟ ಬೇರೆಯವರು ಅರ್ಜಿ ಹಾಕಬಹುದು.

ಆಶ್ರಮ ಮಂಗಳೂರಿನಲ್ಲಿದ್ದರೆ

ಮಂಜೇಶ್ವರ, ಉಪ್ಪಳದ ಕಡೆಯವರು ಹಿರಿಯರನ್ನು ತಲಪಾಡಿ ದಾಟಿಸಿ ಬಿಡುವುದು ಹೆಚ್ಚು, ಭಾಷೆಯ ದೃಷ್ಟಿಯಿಂದ ಒಳ್ಳೆಯದೂ ಹೌದು. ಆದರೆ 2020ರ ಮಾರ್ಚಿನಲ್ಲಿ ಕೋವಿಡ್ ಹೊತ್ತಿಗೆ ಗಡಿಗೆ ಮಣ್ಣು ಸುರಿದು ಮುಚ್ಚಿದ್ದು ನೆನಪಿರಲಿ. ಆ ಬದಿಯಲ್ಲಿ ತಕ್ಷಣ ಓಡಿ ಹೋಗಬಲ್ಲ ಒಬ್ಬ ಬಂಧುವಿನ ಹೆಸರು ಫೈಲಿನಲ್ಲಿ ಇರಬೇಕು. ಅಲ್ಲಿನ ಆಶ್ರಮದ ಮೇಲೆ ಕಾಸರಗೋಡಿನ ಸಾಮಾಜಿಕ ನ್ಯಾಯ ಅಧಿಕಾರಿಗೆ ಅಧಿಕಾರವಿಲ್ಲ, ದಕ್ಷಿಣ ಕನ್ನಡದ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಬರೆಯಬೇಕು. ಪೊಲೀಸ್ ದೂರನ್ನು ಮಾತ್ರ ಮಂಜೇಶ್ವರ ಠಾಣೆಯಲ್ಲೇ ಕೊಡಬಹುದು: 2024ರ ಜುಲೈ 1ರಿಂದ ಸಿಆರ್‌ಪಿಸಿ ಬದಲು ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಅಪರಾಧ ಎಲ್ಲೇ ನಡೆದಿರಲಿ ಮಾಹಿತಿ ದಾಖಲಿಸಿಕೊಳ್ಳಬೇಕು. ದುಡ್ಡು ಕಟ್ಟಿಯೂ ಹೇಳಿದ ಸೇವೆ ಸಿಗದಿದ್ದರೆ ದೂರುದಾರರು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಹೋಗಬಹುದು. ಎರಡು ವರ್ಷದ ಒಳಗೆ ಹೋಗಬೇಕು. ಕೊಟ್ಟ ಮೊತ್ತ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಪೂರ್ತಿ ಉಚಿತವಾಗಿ ನಡೆಯುವ ಆಶ್ರಮಕ್ಕೆ ಈ ದಾರಿ ಇಲ್ಲ.

ಪರಿಶೀಲನೆಗೆ ಅಧಿಕಾರಿ ಬಂದು ಹೋದ ಮೇಲೆ ಸುಮ್ಮನಾಗಬೇಡಿ. ವರದಿಯ ಪ್ರತಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ: ಕೇರಳದಲ್ಲಿ 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪು ಅಂಟಿಸಿದರೆ ಸಾಕು, 30 ದಿನದಲ್ಲಿ ಉತ್ತರ ಬರಬೇಕು. ಕೇಳಬೇಕಾದ್ದು ಮೂರು: ಭೇಟಿ ನೀಡಿದ ದಿನಾಂಕ ಮತ್ತು ಹೊತ್ತು, ಕಂಡ ಕೊರತೆಗಳ ಪಟ್ಟಿ, ಸರಿಪಡಿಸಲು ಕೊಟ್ಟ ಗಡುವು. ಮಾನ್ಯತೆ ರದ್ದಾಗಲಿ ಎಂದು ಕೇಳುವ ಮೊದಲು ಒಳಗಿರುವ ಉಳಿದವರ ಬಗ್ಗೆಯೂ ಯೋಚಿಸಿ. ಕೇಳಲು ಯಾರೂ ಇಲ್ಲದ ಹತ್ತಾರು ಜನ ಅಲ್ಲಿ ಇರುತ್ತಾರೆ. ಅವರನ್ನು ಪರವನಡ್ಕದ ಸರ್ಕಾರಿ ವೃದ್ಧಾಶ್ರಮಕ್ಕೋ ಬೇರೆ ಮಾನ್ಯ ಆಶ್ರಮಕ್ಕೋ ಸೇರಿಸುವ ಏರ್ಪಾಟು ಮೊದಲು ಆಗಲಿ ಎಂದು ಅದೇ ಪತ್ರದಲ್ಲಿ ಬರೆಯಿರಿ.