ಪಾಲಿಸಿಗೆ ಸಹಿ ಹಾಕುವ ಮುನ್ನ ಬಡ್ಡಿ ಎಷ್ಟೆಂದು ಲೆಕ್ಕ ಹಾಕಿ

ಜನವರಿ ಬಂತೆಂದರೆ ಬೆಂಗಳೂರಿನ ಕಂಪನಿಗಳು ತೆರಿಗೆ ಉಳಿತಾಯದ ದಾಖಲೆ ಕೇಳುತ್ತವೆ. ಆ ಅವಸರದಲ್ಲಿ ಎಷ್ಟೋ ಜನ ಎಂಡೋಮೆಂಟ್ (ಜೀವವಿಮೆ, ಉಳಿತಾಯ ಎರಡೂ ಸೇರಿದ) ಪಾಲಿಸಿಗೆ ಸಹಿ ಹಾಕಿಬಿಡುತ್ತಾರೆ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಪ್ರೀಮಿಯಂ ಮೇಲೆ ವಿನಾಯಿತಿಯೇ ಇಲ್ಲ ಎಂಬುದೂ ಆಗ ನೆನಪಾಗುವುದಿಲ್ಲ. ‘ವರ್ಷಕ್ಕೆ 50,000ದಂತೆ 20 ವರ್ಷ ಕಟ್ಟಿ, ಕೊನೆಗೆ 18 ಲಕ್ಷ’ ಎಂದರೆ 8 ಲಕ್ಷ ಲಾಭ ಎಂದಷ್ಟೇ ಕಾಣುತ್ತದೆ. ಬಡ್ಡಿ ಎಷ್ಟು ಬಿತ್ತು ಎಂದು ನೋಡಹೊರಟವರೂ ಎಡವುತ್ತಾರೆ. 10 ಲಕ್ಷಕ್ಕೆ 8 ಲಕ್ಷ ಅಂದರೆ ಶೇ 80 ಲಾಭ, ಅದನ್ನು 20ರಿಂದ ಭಾಗಿಸಿ ಶೇ 4 ಎನ್ನುವುದು ತಪ್ಪು. 10 ಲಕ್ಷ 18 ಲಕ್ಷವಾಯಿತು ಎಂದು ಚಕ್ರಬಡ್ಡಿ ಸೂತ್ರಕ್ಕೆ ಹಾಕಿ ಶೇ 3 ಎನ್ನುವುದೂ ತಪ್ಪು. ಹತ್ತು ಲಕ್ಷವೂ ಮೊದಲ ದಿನವೇ ಕೈಬಿಟ್ಟಿಲ್ಲವಲ್ಲ. ಮೊದಲ ಕಂತು 20 ವರ್ಷ ದುಡಿಯುತ್ತದೆ, ಕೊನೆಯದು ಒಂದೇ ವರ್ಷ.

ಹಂತ 1: ಕಂಪನಿಯ ಬೆನಿಫಿಟ್ ಇಲ್ಲಸ್ಟ್ರೇಷನ್ (ಕಟ್ಟುವುದೆಷ್ಟು, ಸಿಗುವುದೆಷ್ಟು ಎಂಬ ಪಟ್ಟಿ) ಕೇಳಿ ಪಡೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಬಣ್ಣದ ಚಿತ್ರ ಬೇಡ. ಬೋನಸ್ ಇರುವ ಪಾಲಿಸಿಯಾದರೆ ಅದರಲ್ಲಿ ಶೇ 4 ಮತ್ತು ಶೇ 8ರ ಕಾಲಂಗಳಿರುತ್ತವೆ. ಅವು ನಿಮಗೆ ಸಿಗುವ ಬಡ್ಡಿಯಲ್ಲ, ಕಂಪನಿಯ ಹೂಡಿಕೆ ಅಷ್ಟು ಗಳಿಸಿದರೆ ಎಂಬ ಊಹೆ. ಬೋನಸ್ ಮಾತಿನಲ್ಲೂ ಎಚ್ಚರವಿರಲಿ. ‘ಸಾವಿರಕ್ಕೆ 40’ ಎಂದರೆ ವಿಮಾ ಮೊತ್ತದ ಸಾವಿರಕ್ಕೆ. 10 ಲಕ್ಷದ ಪಾಲಿಸಿಗೆ ವರ್ಷಕ್ಕೆ 40,000 ಬರೆದುಕೊಳ್ಳುತ್ತಾರೆ, ಕೈಗೆ ಬರುವುದು ಅವಧಿಯ ಕೊನೆಗೆ. ಸರಳ ಬೋನಸ್ ಆದರೆ ಅದರ ಮೇಲೆ ಮತ್ತೆ ಬೋನಸ್ ಇಲ್ಲ.

ಹಂತ 2: ಗೂಗಲ್ ಶೀಟ್ಸ್ ತೆರೆಯಿರಿ. ಹೆಚ್ಚಿನವರು ಕೈಚೆಲ್ಲುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಮಾಡಿ. ಎ ಕಾಲಂನಲ್ಲಿ 0ಯಿಂದ 20ರವರೆಗೆ ವರ್ಷಗಳನ್ನು ಬರೆಯಿರಿ, 21 ಸಾಲುಗಳಾಗುತ್ತವೆ. ಬಿ ಕಾಲಂನ ಮೊದಲ 20 ಸಾಲುಗಳಲ್ಲಿ ಮೈನಸ್ 50,000. ಕೈಯಿಂದ ಹೋಗುವ ಹಣಕ್ಕೆ ಮೈನಸ್ ಇರಲೇಬೇಕು, ಇಲ್ಲದಿದ್ದರೆ ಲೆಕ್ಕವೇ ಬರದೆ ದೋಷ ಎಂದು ತೋರಿಸುತ್ತದೆ. 21ನೇ ಸಾಲಿನಲ್ಲಿ 18,00,000. ಕೆಳಗೆ, ವರ್ಷಕ್ಕೆ ಬಿದ್ದ ಬಡ್ಡಿ ತೋರಿಸುವ =ಐಆರ್‌ಆರ್(ಬಿ1:ಬಿ21) ಎಂಬ ಸೂತ್ರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿ. ಉತ್ತರ ಶೇ 5.3. ಬರಿಯ 5 ಎಂದು ಕಂಡರೆ ದಶಮಾಂಶ ಸ್ಥಾನ ಹೆಚ್ಚಿಸಿ.

ಪ್ರೀಮಿಯಂ ಕಟ್ಟುವುದು ವರ್ಷದ ಆರಂಭದಲ್ಲಿ. ಇಪ್ಪತ್ತನೆಯ ಕಂತು ಕಟ್ಟಿ ಒಂದು ವರ್ಷವಾದ ಮೇಲೆ ಮೆಚ್ಯೂರಿಟಿ ಹಣ ಬರುತ್ತದೆ. ಅದನ್ನು ಮರೆತು 18 ಲಕ್ಷವನ್ನು ಕೊನೆಯ ಕಂತಿನ ಸಾಲಿಗೇ ಸೇರಿಸಿದರೆ ಶೇ 5.8 ಎಂದು ಬರುತ್ತದೆ. ಒಂದು ಸಾಲು ತಪ್ಪಿದ್ದಕ್ಕೆ ಅರ್ಧ ಪರ್ಸೆಂಟ್ ಸುಳ್ಳು ಲಾಭ. ಮನಿ ಬ್ಯಾಕ್ ಪಾಲಿಸಿಯಾದರೆ ನಡುವೆ ಬರುವ ಹಣವನ್ನು ಆಯಾ ವರ್ಷದ ಸಾಲಿನಲ್ಲೇ ಕೂಡಿಸಿ.

ತಿಂಗಳ ಕಂತಿಗೆ ಐಆರ್‌ಆರ್ ಬಳಸಿದರೆ ತಿಂಗಳ ದರ ಬರುತ್ತದೆ. ಅಲ್ಲಿ ದಿನಾಂಕಗಳ ಕಾಲಂ ಸೇರಿಸಿ, ವರ್ಷದ ದರ ಕೊಡುವ ಎಕ್ಸ್‌ಐಆರ್‌ಆರ್ ಹಾಕಿ. 15/06/2026 ಎಂದು ಬರೆದದ್ದನ್ನು ಶೀಟ್ ದಿನಾಂಕವೆಂದು ಒಪ್ಪದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ ಅನ್ನು ಇಂಡಿಯಾಗೆ ಬದಲಿಸಿ. ಪಾಲಿಸಿ ಮಾರುವ ಜಾಲತಾಣಗಳ ಕ್ಯಾಲ್ಕುಲೇಟರ್ ನೆಚ್ಚಬೇಡಿ. ಒಳಗೆ ಯಾವ ಸಾಲಿಗೆ ಏನು ಹಾಕಿದ್ದಾರೆಂದು ನಿಮಗೆ ಕಾಣುವುದಿಲ್ಲ.

ಹಂತ 3: ಜೀವವಿಮೆಯ ಖರ್ಚನ್ನು ಕಳೆಯಿರಿ, ಇಲ್ಲವಾದರೆ ಪಾಲಿಸಿಗೆ ಅನ್ಯಾಯವಾಗುತ್ತದೆ. ಅಷ್ಟೇ ಮೊತ್ತದ ಟರ್ಮ್ ಪಾಲಿಸಿಗೆ (ಅವಧಿಯೊಳಗೆ ಸತ್ತರಷ್ಟೇ ಹಣ ಕೊಡುವ ಬರಿಯ ವಿಮೆ) ವರ್ಷಕ್ಕೆ 4,000 ಎಂದಿಟ್ಟುಕೊಳ್ಳಿ. ಬಿ ಕಾಲಂನಲ್ಲಿ ಮೈನಸ್ 46,000 ಹಾಕಿದರೆ ಶೇ 6ರ ಆಸುಪಾಸು ಬರುತ್ತದೆ. ಸರ್ಕಾರದ ಉಳಿತಾಯ ಯೋಜನೆಯಾದ ಪಿಪಿಎಫ್ ದರ 2020ರ ಏಪ್ರಿಲ್‌ನಿಂದ ಶೇ 7.1. ಪ್ರತಿ ವರ್ಷ ಏಪ್ರಿಲ್ 5ರೊಳಗೆ 46,000 ಕಟ್ಟುತ್ತ, 15 ವರ್ಷದ ನಂತರ ಇನ್ನೈದು ವರ್ಷ ಮುಂದುವರಿಸಿದರೆ, ಇದೇ ದರದಲ್ಲಿ 20.4 ಲಕ್ಷ. ನಿವೃತ್ತಿಗಾಗಿ ಕೂಡಿಡುವವರು ವಿಮೆಯನ್ನೂ ಉಳಿತಾಯವನ್ನೂ ಬೇರೆಬೇರೆಯಾಗಿಯೇ ಇಡಬೇಕು.

ಹಂತ 4: ಪಾಲಿಸಿ ಈಗಾಗಲೇ ಇದ್ದರೆ ಕಟ್ಟಿದ ಹಣದ ಲೆಕ್ಕ ಬಿಡಿ. ಕಂಪನಿಯಿಂದ ಇಂದಿನ ಸರೆಂಡರ್ ಮೌಲ್ಯವನ್ನು (ಪಾಲಿಸಿ ಈಗಲೇ ಬಿಟ್ಟರೆ ಸಿಗುವ ಹಣ) ಲಿಖಿತವಾಗಿ ಕೇಳಿ. ಮೊದಲ ಸಾಲಿನಲ್ಲಿ ಅದನ್ನೂ ಈ ವರ್ಷದ ಕಂತನ್ನೂ ಕೂಡಿಸಿ ಮೈನಸ್ ಹಾಕಿ, ಮುಂದಿನ ಕಂತು, ಕೊನೆಯ ಮೊತ್ತ ಬರೆಯಿರಿ. ಮುಗಿಯಲು ನಾಲ್ಕೈದು ವರ್ಷವಷ್ಟೇ ಉಳಿದ ಪಾಲಿಸಿಗಳಲ್ಲಿ ಮುಂದುವರಿಸುವುದೇ ಲಾಭವೆಂದು ತೋರುವುದುಂಟು. ಸರೆಂಡರ್‌ಗೂ ಮುಂದುವರಿಕೆಗೂ ನಡುವೆ ಪೇಡ್-ಅಪ್ (ಕಂತು ನಿಲ್ಲಿಸಿ, ಕಡಿಮೆ ಮೊತ್ತಕ್ಕೆ ಪಾಲಿಸಿ ಉಳಿಸಿಕೊಳ್ಳುವ) ದಾರಿಯೂ ಇದೆ, ಅದರ ಮೊತ್ತವನ್ನೂ ಕೇಳಿ. ಆರೋಗ್ಯ ಕೆಟ್ಟಿದ್ದರೆ ಬೇರೆ ಟರ್ಮ್ ಪಾಲಿಸಿ ಕೈಗೆ ಬರುವವರೆಗೆ ಹಳೆಯದನ್ನು ಮುಟ್ಟಬೇಡಿ.

ಈಚೆಗಷ್ಟೇ ಸಹಿ ಹಾಕಿದ್ದರೆ, ಪಾಲಿಸಿ ದಾಖಲೆ ಕೈಸೇರಿದ 30 ದಿನಗಳೊಳಗೆ ಹಿಂತಿರುಗಿಸಬಹುದು. ಅಲ್ಪ ಕಡಿತದೊಂದಿಗೆ ಹಣ ವಾಪಸ್. ಅರ್ಜಿಯನ್ನು ಕಂಪನಿಗೇ ಇ-ಮೇಲ್ ಮಾಡಿ, ಏಜೆಂಟರ ಕೈಗೆ ಕೊಟ್ಟು ಕಾಯಬೇಡಿ. ಎಫ್‌ಡಿ ಎಂದು ಹೇಳಿ ಪಾಲಿಸಿ ಕಟ್ಟಿಸಿದ್ದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ಜೆ.ಪಿ. ನಗರ 1ನೇ ಹಂತದ ಜೀವನ್ ಸೌಧದಲ್ಲಿರುವ, ವಿಮೆಯ ದೂರುಗಳನ್ನು ವಿಚಾರಿಸುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ.