ಯುದ್ಧಕಾಲದ ಜೀಪನ್ನು ಮೂಲರೂಪಕ್ಕೆ ತಂದ ಬಗೆ

ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಎರಡನೆಯ ಮಹಾಯುದ್ಧದ ಕಾಲದ ಜೀಪುಗಳು ಇಂದಿಗೂ ಅಲ್ಲೊಂದು ಇಲ್ಲೊಂದು ಉಳಿದಿವೆಯಾದರೂ, ಹುಟ್ಟಿದಾಗಿನ ಪೆಟ್ರೋಲ್ ಎಂಜಿನ್ನನ್ನೇ ಇಟ್ಟುಕೊಂಡಿರುವವು ವಿರಳ. ನಮ್ಮ ತೋಟದ ಗೋದಾಮಿನಲ್ಲಿ ನಿಂತಿದ್ದ ಜೀಪಿನಲ್ಲಿ ಎಂಜಿನ್ ಅದರದ್ದೇ ಆಗಿತ್ತು. ಉಳಿದದ್ದನ್ನೆಲ್ಲ ಕೈಗೆ ಸಿಕ್ಕವರು ತೋಚಿದಂತೆ ಬದಲಿಸಿದ್ದರು. ಅದನ್ನು ಬಿಚ್ಚಿ ಜೋಡಿಸುವಾಗ ನನಗೆ ಮನದಟ್ಟಾದದ್ದೇನೆಂದರೆ, ಹಳೆಯ ಜೀಪಿನ ಬಗ್ಗೆ ಕೇಳಿಬರುವ ದೂರುಗಳಲ್ಲಿ ಬಹುಪಾಲು ಅದರ ವಿನ್ಯಾಸದ ದೋಷವಲ್ಲ, ಆಮೇಲಿನವರು ಮಾಡಿದ ಸುಧಾರಣೆಗಳ ಫಲ.

ಮೊದಲು ಗಾಡಿ ಯಾವುದೆಂದು ತಿಳಿಯಬೇಕಿತ್ತು. 1941ರಿಂದ 1945ರವರೆಗೆ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಒಂದೇ ನಕ್ಷೆಯ ಜೀಪನ್ನು ಆರು ಲಕ್ಷಕ್ಕೂ ಮಿಗಿಲಾಗಿ ತಯಾರಿಸಿದವು. ವಿಲ್ಲೀಸ್‌ನದು ಎಂಬಿ, ಫೋರ್ಡ್‌ನದು ಜಿಪಿಡಬ್ಲ್ಯೂ. ಬಿಡಿಭಾಗಗಳು ಪರಸ್ಪರ ಹೊಂದುವಂತೆ ಮಾಡಿದ್ದರಿಂದ ಸೈನ್ಯದ ರಿಪೇರಿ ಶಿಬಿರಗಳಲ್ಲೇ ಎರಡೂ ಬೆರೆತುಹೋಗುತ್ತಿದ್ದವು. ಬಾನೆಟ್ಟು, ಗ್ರಿಲ್ಲುಗಳನ್ನು ನಂಬದೆ ಗಾಡಿಯ ಅಡಿಚೌಕಟ್ಟಾದ ಚಾಸಿಯನ್ನು ನೋಡಬೇಕು: ರೇಡಿಯೇಟರಿನ ಕೆಳಗೆ ಹಾದುಹೋಗುವ ಅಡ್ಡಪಟ್ಟಿ ದುಂಡನೆಯ ಕೊಳವೆಯಾಗಿದ್ದರೆ ವಿಲ್ಲೀಸ್, ಕವುಚಿಟ್ಟ ದೋಣಿಯಂತೆ ಮಡಿಸಿದ ತಗಡಾಗಿದ್ದರೆ ಫೋರ್ಡ್. ಫೋರ್ಡ್ ಕಂಪನಿ ತನ್ನ ಬೋಲ್ಟುಗಳ ತಲೆಯ ಮೇಲೂ ‘ಎಫ್’ ಅಕ್ಷರವನ್ನು ಒತ್ತುತ್ತಿತ್ತು. ನಮ್ಮದು ವಿಲ್ಲೀಸ್ ಚಾಸಿ, ಆದರೆ ಹಿಂಬದಿಯ ಕೆಲವು ಬೋಲ್ಟುಗಳ ಜಿಡ್ಡು ಕೆರೆದಾಗ ‘ಎಫ್’ ಕಂಡಿತು. ಅವನ್ನು ಬದಲಿಸುವ ಮನಸ್ಸಾಗಲಿಲ್ಲ. ಇಂಥ ಬೆರಕೆಯನ್ನು ನಾನು ದೋಷವೆಂದು ಎಣಿಸುವುದಿಲ್ಲ.

ಮಲೆನಾಡಿನ ಮಳೆ ಜೀಪನ್ನು ತಿನ್ನುವುದು ಕೆಳಗಿನಿಂದ. ನೆಲದ ತಗಡಿನ ಅಡಿಯಲ್ಲಿ ಬಲಕ್ಕೆಂದು ಕೊಟ್ಟಿರುವ ಟೋಪಿಯಾಕಾರದ ಪಟ್ಟಿಗಳೊಳಗೆ ಕಾರ್ಖಾನೆಯವರು ಮರದ ತುಂಡುಗಳನ್ನು ತುಂಬಿಸಿದ್ದರು. ಮರ ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಅದನ್ನು ಸುತ್ತಿದ ಕಬ್ಬಿಣ ಒಳಗಿನಿಂದಲೇ ತುಕ್ಕಾಗುತ್ತದೆ. ಸ್ಕ್ರೂಡ್ರೈವರಿನ ತುದಿ ಒತ್ತಿದರೆ ತಗಡು ಹಪ್ಪಳದಂತೆ ಮುರಿದು, ಒಳಗಿನಿಂದ ಕಪ್ಪಗೆ ಕೊಳೆತ ಮರದ ಪುಡಿ ಉದುರುತ್ತಿತ್ತು. ಚಾಲಕನ ಸೀಟಿನ ಕೆಳಗೆ ಪೆಟ್ರೋಲ್ ಟ್ಯಾಂಕ್ ಕೂರುವ ತಗ್ಗಿನ ಸ್ಥಿತಿಯೂ ಅದೇ. ಟಿಂಕರಿಂಗ್ ಕೆಲಸದವರಿಂದ ಹೊಸ ಪಟ್ಟಿಗಳನ್ನು ಮಡಿಸಿ ವೆಲ್ಡ್ ಮಾಡಿಸಿದೆ. ಮೂಲಕ್ಕೆ ಅಂಟಿಕೊಳ್ಳುವ ಹಠವನ್ನು ಇದೊಂದು ಕಡೆ ಬಿಟ್ಟು, ಮರವನ್ನು ಕೈಬಿಟ್ಟು ನೀರಿಳಿಯಲು ತೂತುಗಳನ್ನು ಇಡಿಸಿದೆ.

ಹೆಚ್ಚು ತರ್ಕವಾದದ್ದು ವಿದ್ಯುತ್ತಿನ ವಿಷಯದಲ್ಲಿ. ಈ ಜೀಪಿನದು ಆರು ವೋಲ್ಟಿನ ವ್ಯವಸ್ಥೆ. "ಆರು ವೋಲ್ಟಿಗೆ ಬೆಳಿಗ್ಗೆ ಹೊತ್ತು ಸ್ಟಾರ್ಟೇ ಆಗಲ್ಲ ಸಾರ್, ಹನ್ನೆರಡು ಮಾಡಿಬಿಡೋಣ" ಎಂದು ಚಿಕ್ಕಮಗಳೂರಿನ ನಮ್ಮ ಮೆಕ್ಯಾನಿಕ್ ಒತ್ತಾಯಿಸಿದರು. ವೋಲ್ಟ್ ಅರ್ಧವಾದರೆ ಅದೇ ಕೆಲಸಕ್ಕೆ ಎರಡರಷ್ಟು ಕರೆಂಟ್ ಹರಿಯಬೇಕು, ಅದಕ್ಕೆ ದಪ್ಪ ತಂತಿ ಬೇಕು. ಆದರೆ ನಮ್ಮ ಜೀಪಿಗೆ ಯಾರೋ ಹನ್ನೆರಡು ವೋಲ್ಟಿನ ಕಾರಿನ ತೆಳು ಕೇಬಲ್ ಹಾಕಿದ್ದರು. ಹೆಬ್ಬೆರಳು ಗಾತ್ರದ ತಾಮ್ರದ ಕೇಬಲ್ ಎಳೆದು, ಎಂಜಿನ್ನಿಗೂ ಚಾಸಿಗೂ ನಡುವೆ ಅರ್ಥಿಂಗ್ ಪಟ್ಟಿ ಕೂರುವ ಜಾಗದ ಬಣ್ಣವನ್ನು ಲೋಹ ಕಾಣುವವರೆಗೆ ಕೆರೆದ ಮೇಲೆ, ಡಿಸೆಂಬರಿನ ಮಂಜಿನಲ್ಲೂ ಎಂಜಿನ್ ತಕರಾರಿಲ್ಲದೆ ಏಳುತ್ತದೆ. ಕಿಡಿಗಾಗಿ ಕರೆಂಟನ್ನು ಕಡಿದು ಜೋಡಿಸುವ ಪ್ಲಾಟಿನಂ ಪಾಯಿಂಟಿನ ಸಂದು 20 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು), ಪ್ಲಗ್ಗಿನ ಸಂದು 30 ಥೌ ಇರಬೇಕೆಂಬುದನ್ನು ಮಾತ್ರ ಅಂದಾಜಿಗೆ ಬಿಡದೆ ಫೀಲರ್ ಗೇಜಿನಿಂದಲೇ ಅಳೆಯುತ್ತೇನೆ.

2199 ಸಿಸಿಯ, 60 ಅಶ್ವಶಕ್ತಿಯ ಈ ಎಂಜಿನ್ನಿನ ಕಂಪ್ರೆಷನ್ ಅನುಪಾತ (ಸಿಲಿಂಡರಿನೊಳಗಿನ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆಂಬ ಲೆಕ್ಕ) 6.48 ಮಾತ್ರ, ಆದ್ದರಿಂದ ದುಬಾರಿ ಪೆಟ್ರೋಲ್ ಬೇಕಿಲ್ಲ. ತೊಂದರೆ ಇರುವುದು ಈಗ ಪೆಟ್ರೋಲಿಗೆ ಬೆರೆಸುವ ಎಥನಾಲಿನಲ್ಲಿ. ಅದು ಹಳೆಯ ಕಾಲದ ರಬ್ಬರನ್ನು ಹಾಳುಮಾಡುತ್ತದೆ, ಗಾಳಿಯ ತೇವವನ್ನೂ ಸೆಳೆದುಕೊಳ್ಳುತ್ತದೆ. ಫ್ಯೂಯಲ್ ಪಂಪಿನ ಡಯಾಫ್ರಾಮನ್ನೂ ಹೋಸುಗಳನ್ನೂ ಎಥನಾಲ್ ತಾಳುವಂಥವಕ್ಕೆ ಬದಲಿಸಿದ್ದೇನೆ. ಜೂನ್ ಹಿಡಿಯುವ ಮೊದಲೇ ಟ್ಯಾಂಕ್ ಖಾಲಿ ಮಾಡುತ್ತೇನೆ.

ಬಣ್ಣದ ವಿಷಯದಲ್ಲಿ ಕಾನೂನು ಅಡ್ಡ ಬರುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲು. ಹಾಗಾಗಿ ಸೈನ್ಯದ ಜೀಪನ್ನು ಸೈನ್ಯದ ಬಣ್ಣದಲ್ಲಿ ರಸ್ತೆಗೆ ಇಳಿಸುವಂತಿಲ್ಲ. ನನ್ನದಕ್ಕೆ ಹೊಳಪಿಲ್ಲದ ಬೂದುಬಣ್ಣ ಹೊಡೆಸಿದ್ದೇನೆ. 2021ರ ತಿದ್ದುಪಡಿಯಂತೆ ಐವತ್ತು ವರ್ಷ ದಾಟಿದ, ಮೂಲರೂಪ ಕಳೆದುಕೊಳ್ಳದ ವಾಹನಕ್ಕೆ ‘ವಿಎ’ ಅಕ್ಷರಗಳಿರುವ ವಿಂಟೇಜ್ ನೋಂದಣಿ ಸಿಗುತ್ತದೆ, ಆದರೆ ಆ ಗಾಡಿಯನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಜೀಪು ನಿಲ್ಲಿಸಿದಷ್ಟೂ ಹಾಳಾಗುವ ಯಂತ್ರವೆಂದು ನಂಬುವ ನಾನು ಹಳೆಯ ನೋಂದಣಿಯನ್ನೇ ನವೀಕರಿಸಿಕೊಂಡಿದ್ದೇನೆ.

ಓಡಿಸುವುದಕ್ಕೂ ಅದರದೇ ರೀತಿಯಿದೆ. ಮೂರು ಗೇರುಗಳಲ್ಲಿ ಮೊದಲನೆಯದಕ್ಕೆ ಸಿಂಕ್ರೋ (ಗೇರಿನ ಹಲ್ಲುಗಳ ವೇಗವನ್ನು ತಾನೇ ಹೊಂದಿಸುವ ಏರ್ಪಾಡು) ಇಲ್ಲದ್ದರಿಂದ, ಏರಿನ ನಡುವೆ ಮೊದಲ ಗೇರಿಗೆ ಇಳಿಸಬೇಕಾದರೆ ಕ್ಲಚ್ಚನ್ನು ಎರಡು ಬಾರಿ ಒತ್ತಿ ನಡುವೆ ಆಕ್ಸಿಲರೇಟರ್ ಕೊಡಬೇಕು, ಇಲ್ಲವೇ ಗಾಡಿ ನಿಲ್ಲಿಸಿಯೇ ಹಾಕಬೇಕು. ಕಾಫಿ ಕೊಯ್ಲಿನ ಕಾಲದಲ್ಲಿ ಮೂಟೆ ಹೇರಿಕೊಂಡು ತೋಟದ ಇಳಿಜಾರಿನಲ್ಲಿ ಬರುವಾಗ ಚಕ್ರಗಳನ್ನು ಇನ್ನಷ್ಟು ನಿಧಾನವಾಗಿ ತಿರುಗಿಸುವ ಲೋ ರೇಂಜಿನ ಮೊದಲ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆಹಿಡಿಯುತ್ತದೆ, ಬ್ರೇಕಿಗೆ ಕೆಲಸವೇ ಇರುವುದಿಲ್ಲ. ಆದರೆ ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳ ನಡುವೆ, ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲದ ಕಾರಣ ಡಾಂಬರು ರಸ್ತೆ ಸಿಕ್ಕ ಕೂಡಲೇ ಫೋರ್ ವೀಲ್ ಬಿಡಿಸಬೇಕು; ಬಿಡಿಸದೆ ತಿರುವು ತೆಗೆದುಕೊಂಡರೆ ಚಕ್ರಗಳು ಒಂದನ್ನೊಂದು ಎಳೆದಾಡಿ, ಲಿವರ್ ಬಿಗಿದುಕೊಂಡು ಹಿಂದೆ ಬರಲೊಲ್ಲದು. ಹಳ್ಳ ದಾಟಿದ ಮೇಲೆ ನಾಲ್ಕೂ ಡ್ರಮ್ಮುಗಳಲ್ಲಿ ನೀರಿರುತ್ತದೆ; ಬ್ರೇಕನ್ನು ಹಗುರವಾಗಿ ಒತ್ತಿ ಹಿಡಿದು ಒಂದಷ್ಟು ದೂರ ನಿಧಾನವಾಗಿ ಓಡಿಸಿ, ಪೆಡಲ್ ಮತ್ತೆ ಹಿಡಿತಕ್ಕೆ ಬಂದ ಮೇಲೆಯೇ ಇಳಿಜಾರಿಗೆ ಇಳಿಯುತ್ತೇನೆ.