ಈಚಲ ನೀರಾದಿಂದ ಮನೆಯಲ್ಲೇ ಪಾಕ

ಈಚಲ ಗಿಡದ ನೀರಾ ಮನೆಗೆ ಬಂತೆಂದರೆ ಬೇರೆ ಕೆಲಸ ಆಮೇಲೆ, ಮೊದಲು ಒಲೆ ಹಚ್ಚಿ. ರಾತ್ರಿ ಇಳಿದ ನೀರಾ ಬಿಸಿಲೇರಿದರೆ ಹುಳಿ ಹಿಡಿದು ಸಿಂದಿ ಆಗುತ್ತದೆ. ಆಮೇಲೆ ಎಷ್ಟು ಕುದಿಸಿದರೂ ಆ ಹುಳಿ ಹೋಗಲ್ಲ. ನಮ್ಮ ಕಲಬುರಗಿ, ಯಾದಗಿರಿ ಬಿಸಿಲಿಗೆ ಇದು ಬೇಸಿಗೆಯ ಕೆಲಸವೇ ಅಲ್ಲ. ಎಳ್ಳಮವಾಸ್ಯೆಯ ಆಸುಪಾಸು, ಚಳಿ ಇದ್ದಾಗ ಮಾಡಿ. ಗಿಡ ಸ್ವಂತದ್ದಾದರೂ ನೀರಾ ಇಳಿಸಲು ಅಬಕಾರಿ ಇಲಾಖೆಯ ಪರವಾನಗಿ ಬೇಕು, ಅದು ಇದ್ದವರ ಹತ್ತಿರವೇ ತಗೊಳ್ಳಿ.

ನೀರಾ ಇಳಿಸಲು ಗಿಡಕ್ಕೆ ಕಟ್ಟುವ ಗಡಿಗೆಯ ಒಳಗೆ ಸುಣ್ಣ ಬಳಿದಿರಬೇಕು, ಹುಳಿ ಬೇಗ ಹಿಡಿಯಲ್ಲ. ಬಾಯಿ ಮುಚ್ಚಿ ಕಟ್ಟಿದ್ದರಾ ಅಂತಲೂ ಕೇಳಿ. ರಾತ್ರಿ ಬಾವಲಿಗಳು ನೆಕ್ಕಲು ಬರುತ್ತವೆ. ಬಾಂಗ್ಲಾದೇಶದಲ್ಲಿ ಹಸಿ ಈಚಲ ನೀರಾ ಕುಡಿದವರಿಗೆ ಬಾವಲಿಗಳಿಂದ ಹರಡುವ ನಿಪಾ ರೋಗ ತಗುಲಿದೆ. ಮಕ್ಕಳು ಕೇಳಿದರೂ ಹಸಿಯದು ಕೊಡಬೇಡಿ.

ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಬಟ್ಟೆಯಲ್ಲಿ ಸೋಸಿಕೊಳ್ಳಿ. ಅಗಲ ಬಾಯಿಯ, ದಪ್ಪ ತಳದ ಪಾತ್ರೆ ಇರಲಿ, ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಆವಿ ಬಹಳ ಏಳುತ್ತದೆ, ಅಂಗಳದಲ್ಲಿ ಒಲೆ ಹೂಡುವುದೇ ಮೇಲು. ಮೇಲೆ ಬಂದ ಕೊಳೆ ತೆಗೆಯುತ್ತಿರಿ. ನೊರೆ ಉಕ್ಕಿದರೆ ಎರಡು ಹನಿ ಎಣ್ಣೆ ಬಿಡಿ, ಸುಮ್ನೆ ಇಳಿಯುತ್ತದೆ. ಹೆಚ್ಚುಕಡಿಮೆ 8 ಲೀಟರ್ ಬತ್ತಿದರೆ 1 ಲೀಟರ್ ಪಾಕ. ಕೆನಡಾದವರ ಮೇಪಲ್ ಮರದ್ದಾದರೆ 40 ಲೀಟರ್ ಬೇಕು, ನಮ್ಮ ಈಚಲು ಎಷ್ಟೋ ವಾಸಿ ಅಲ್ವಾ?

ಕೊನೆಯ ಹೊತ್ತಿನಲ್ಲಿ ಒಲೆ ಬಿಟ್ಟು ಏಳಬೇಡಿ. ಮೊದಲು ದೊಡ್ಡ ಗುಳ್ಳೆಗಳು ಏಳುತ್ತಿರುತ್ತವೆ. ಪಾಕ ಹತ್ತಿರ ಬಂದಾಗ ಅವು ಸಣ್ಣದಾಗಿ, ಒತ್ತೊತ್ತಾಗಿ, ಹೊಂಬಣ್ಣದ ನೊರೆಯಾಗಿ ಪಾತ್ರೆಯ ಗೋಡೆ ಹತ್ತುತ್ತವೆ. ಆಗ ಉರಿ ಸಣ್ಣ ಮಾಡಿ. ಒಂದು ಹನಿ ತಟ್ಟೆಗೆ ಹಾಕಿ, ಆರಿದ ಮೇಲೆ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಎಳೆಯಿರಿ. ಎಳೆ ಬರುವಂತೆ ಬಂದು ತುಂಡಾಯಿತೇ, ಇಳಿಸಿಬಿಡಿ. ಎಳೆ ಗಟ್ಟಿಯಾಗಿ ನಿಲ್ಲಲಿ ಅಂತ ಕಾದರೆ ಆರಿದ ಮೇಲೆ ತಳದಲ್ಲಿ ಹರಳು ಕಟ್ಟುತ್ತದೆ. ಶಾಖ ಅಳೆಯುವವರು ಮೊದಲು ಬರೀ ನೀರು ಕುದಿಸಿ ನೋಡಿ, ಅದಕ್ಕಿಂತ 4 ಡಿಗ್ರಿ ಹೆಚ್ಚಾದಾಗ ಪಾಕ ಸರಿ. ಬೀದರ್ ಎತ್ತರದಲ್ಲಿದೆ ನೋಡ್ರಿ, ಅಲ್ಲಿ ನೀರು 100 ಡಿಗ್ರಿಗೆ ಮೊದಲೇ ಕುದಿಯುತ್ತದೆ.

ಬಿಸಿ ಇರುವಾಗಲೇ ಮತ್ತೊಮ್ಮೆ ಸೋಸಿ, ಒಣಗಿದ ಬೆಚ್ಚನೆಯ ಗಾಜಿನ ಬಾಟಲಿಗೆ ಕಂಠದವರೆಗೆ ತುಂಬಿ. ಹಸಿ ಚಮಚ ಹಾಕಬೇಡಿ. ಸಜ್ಜೆ ರೊಟ್ಟಿಗೆ ತುಪ್ಪದ ಜೊತೆ ಬಹಳ ರುಚಿ. ಹರಳು ಕಟ್ಟಿದರೆ ಬಾಟಲಿಯನ್ನು ಬಿಸಿನೀರಿನಲ್ಲಿಡಿ, ಕರಗುತ್ತದೆ. ಬೂಸು ಬಂದಿದ್ದರೆ ಮಾತ್ರ ಪೂರ್ತಿ ಚೆಲ್ಲಿಬಿಡಿ.